ಟುಮ್ಕಿಯ ಹೊಸ ಕಾಲು

ನಿರ್ದೇಶಕರು ಬದಲಾದಾಗಲೆಲ್ಲ ಕಾರ್ಟೂನ್ ಮೊಲ ಟುಮ್ಕಿ ಪರದೆಯಿಂದಿಳಿದು, ತನ್ನನ್ನು ಮೊದಲು ಚಿತ್ರಿಸಿದ ವಾರಿಜಮ್ಮನ ಮನೆಗೆ ಹೊಸ ರೂಪ ತೋರಿಸಲು ಬರುವುದು ವಾಡಿಕೆ. ಎರಡನೆಯವರು ಅದರ ಹೊಟ್ಟೆ ಕರಗಿಸಿದ್ದರು, ಮೂರನೆಯವರು ದನಿ ಬದಲಿಸಿದ್ದರು. ಆಗೆಲ್ಲ ವಾರಿಜಮ್ಮ ನಕ್ಕು ಕ್ಯಾರೆಟ್ ಹಲ್ವಾ ಕೊಟ್ಟಿದ್ದರು. ಮೆಟ್ಟಿಲ ಮೇಲೆ ಟುಮ್ಕಿ ಎಡಗಾಲು ಎಳೆಯುವ ಸದ್ದೊಂದು ಕೇಳಿದರೆ ಅವರಿಗೆ ಸಾಕಿತ್ತು.

ಇವತ್ತು ಯಾರೋ ದಡದಡನೆ ಮೆಟ್ಟಿಲೇರಿ ಬಂದರು.

"ಅಮ್ಮಾ, ಹೊಸ ಡೈರೆಕ್ಟರು ನನ್ನ ಕಾಲು ಸರಿ ಮಾಡ್ಬಿಟ್ರು! ನೋಡಿಲ್ಲಿ!" ಟುಮ್ಕಿ ಹಜಾರದ ತುಂಬ ಕುಣಿಯಿತು.

"ತುಂಬಾ ಚೆನ್ನಾಗಿದೆ ಕಣೋ, ಬಂಗಾರ," ಎಂದು ವಾರಿಜಮ್ಮ ಹಲ್ವಾ ತರಲು ಅಡುಗೆಮನೆಗೆ ಹೋದರು.

ಚಿಕ್ಕಂದಿನಲ್ಲೇ ತೀರಿಹೋದ ಪೋಲಿಯೋ ಕಾಲಿನ ಮಗನ ನಡಿಗೆಯನ್ನೇ ಟುಮ್ಕಿಗೆ ಕೊಟ್ಟಿದ್ದನ್ನು ಅವರು ಯಾರಿಗೂ ಹೇಳಿರಲಿಲ್ಲ. ಒಲೆಯ ಮುಂದೆ ನಿಂತು ಕಿವಿಗೊಟ್ಟರು.

ಹಜಾರದಲ್ಲಿ ಎರಡೂ ಕಾಲು ಒಂದೇ ಸಮ ಓಡುತ್ತಿದ್ದವು.