ಹೊಳೆಯದ ಮದ್ದು

ಅಂದು ಬೆಳಿಗ್ಗೆ ಎಂಥ ಮಂಜು ಕವಿದಿತ್ತೆಂದರೆ, ಆಸ್ಪತ್ರೆಯ ಅಂಗಳದಲ್ಲಿ ನಿಂತವರಿಗೆ ಗೇಟೇ ಕಾಣುತ್ತಿರಲಿಲ್ಲ. ಅಂಥದರಲ್ಲೂ ಆಂಬುಲೆನ್ಸ್ ಓಡಿಸುವ ಸೀಟಿ ಮಾಮ ಕಪ್ಪು ಕನ್ನಡಕ ಏರಿಸಿಕೊಂಡೇ ಔಷಧಿ ಕೋಣೆಗೆ ಬಂದ.

"ಸೂರ್ಯನೇ ರಜೆ ಹಾಕಿದಾನೆ, ಇದ್ಯಾಕೆ ಮಾಮ?" ಮದ್ದು ಕಲಸುವ ಅಕ್ಕ ನಕ್ಕಳು.

"ಸೀಟಿ ಅಂತೂ ಹೋಯ್ತು, ಶೋಕಿನಾದ್ರೂ ಇರ್ಲಿ ಬಿಡಮ್ಮ."

ಮಾಮನ ತಮಾಷೆಯ ಹಿಂದೆ ದಿಗಿಲಿತ್ತು. ವಸಡು ಕೀವುಗಟ್ಟಿ ಮುಂದಿನ ಹಲ್ಲು ಅಲುಗಾಡುತ್ತಿತ್ತು. ಹಚ್ಚಿದ ಮದ್ದೆಲ್ಲ ಎಂಜಲಿನೊಂದಿಗೆ ಹೊಟ್ಟೆ ಸೇರುತ್ತಿತ್ತು. ಅಕ್ಕನ ಹೊಸ ಮದ್ದೂ ನಾಟದಿದ್ದರೆ ಹಲ್ಲು ಕೀಳುವುದೇ ಎಂದಿದ್ದರು ದಂತವೈದ್ಯರು. ಹಲ್ಲು ಕಿತ್ತರೆ ಸೀಟಿ ಮತ್ತೆ ಬಾರದು; ಗಾಡಿಯಲ್ಲಿ ಮಲಗಿದ ರೋಗಿಗಳು ನೋವು ಮರೆಯುತ್ತಿದ್ದುದೇ ಅವನ ಸೀಟಿಯ ಹಾಡು ಕೇಳಿ.

ಅಕ್ಕ ಕೊಬ್ಬು, ನೀರು, ಔಷಧಿ ಬೆರೆಸಿ ಕಲಸುತ್ತಿದ್ದುದು ದ್ರವಸ್ಫಟಿಕವೆಂಬ ಅಂಟು ಮದ್ದು. ಅದರೊಳಗೆ ನೀರಿನ ಓಣಿಗಳು ಹರಳಿನಷ್ಟು ಅಚ್ಚುಕಟ್ಟಾಗಿ ಹೆಣೆದುಕೊಂಡರೆ, ಮದ್ದು ವಸಡಿನಲ್ಲೇ ಬೀಡುಬಿಟ್ಟು ವಾರವಿಡೀ ಇಷ್ಟಿಷ್ಟೇ ಇಳಿಯುತ್ತದೆ. ಆ ಹೆಣಿಗೆ ನೋಡಲು ಬೇಕಾದ, ಬೆಳಕು ಸೋಸುವ ಗಾಜು ಹಿಂದಿನ ದಿನವಷ್ಟೇ ಒಡೆದಿತ್ತು.

"ಮಾಮ, ಕನ್ನಡಕ ಸಾಲ ಕೊಡು. ಅದೂ ಆ ಗಾಜಿನ ಹಾಗೇ ಬೆಳಕು ಸೋಸತ್ತೆ."

ಕಂಪ್ಯೂಟರಿನ ಬಿಳಿ ಪರದೆಯೆದುರು ಕನ್ನಡಕ ಹಿಡಿದು, ಪರದೆ ಕಪ್ಪಾಗುವ ತನಕ ತಿರುಗಿಸಿದಳು. ಪರದೆಗೂ ಕನ್ನಡಕಕ್ಕೂ ನಡುವೆ ಮದ್ದಿನ ಸೀಸೆ ಹಿಡಿದಳು. ಆ ಕತ್ತಲಲ್ಲಿ ಸೀಸೆ ಬಣ್ಣಬಣ್ಣವಾಗಿ ಮಿನುಗಿತು.

"ಆಹಾ, ಏನ್ ಚಂದ! ಹಾಕ್ಸಮ್ಮ ಬೇಗ!"

"ಕೆಟ್ಟಿದೆ ಮಾಮ. ಬರೀ ಪದರ ಪದರ, ಒಂದೇ ದಿನಕ್ಕೆ ಖಾಲಿ ಆಗತ್ತೆ. ನಿನ್ನ ಅವಸರಕ್ಕೆ ನಾನೂ ಅವಸರ ಮಾಡಿ ನೀರು ಕಮ್ಮಿ ಹಾಕ್ದೆ."

ಮತ್ತೆ ಕೊಬ್ಬು ಬೆಚ್ಚಗೆ ಮಾಡಿ, ನೀರು ಅಳೆದು, ಮನಸ್ಸಿನಲ್ಲೇ ದೇವರನ್ನು ನೆನೆಯುತ್ತ ಕಾದು ಕುಳಿತಳು. ಮಂಜು ಕರಗಿ ಮಧ್ಯಾಹ್ನವಾಯಿತು. ಸೀಸೆ ತಲೆಕೆಳಗು ಮಾಡಿದರೂ ಮದ್ದು ಜಾರಲಿಲ್ಲ. ಕನ್ನಡಕ ಹಿಡಿದರೆ ಬರೀ ಕತ್ತಲು.

"ಮುಗೀತು ನನ್ನ ಹಲ್ಲಿನ ಕಥೆ! ಏನೂ ಕಾಣ್ತಿಲ್ವಲ್ಲೇ!"

"ಎಲ್ಲಾ ಕಡೆ ಒಂದೇ ಸಮ ಹೆಣೆದಿದ್ರೆ ಅದು ಹೊಳೆಯಲ್ಲ ಮಾಮ. ಕೆಲಸ ಮಾಡೋದು ಇದೇ." ಸೀಸೆಯನ್ನೊಮ್ಮೆ ಹಣೆಗೊತ್ತಿಕೊಂಡು ದಂತವೈದ್ಯರಿಗೆ ಕಳಿಸಿದಳು.

ಹೊಸ ಗಾಜು ಬರುವ ತನಕ ಕನ್ನಡಕ ಅವಳ ಮೇಜಿನ ಮೇಲೇ ಉಳಿಯಿತು. ಮಾಮ ಕಣ್ಣು ಕಿರಿದು ಮಾಡಿಕೊಂಡೇ ಗಾಡಿ ಓಡಿಸಿದ, ಒಮ್ಮೆಯೂ ಅದನ್ನು ವಾಪಸ್ ಕೇಳಲಿಲ್ಲ.

ಮೂರನೆಯ ವಾರ ಅಂಗಳದಿಂದ ಸೀಟಿ ಕೇಳಿತು, ಅರ್ಧ ಗಾಳಿ, ಅರ್ಧ ಹಾಡು. ಅಕ್ಕ ಕನ್ನಡಕವನ್ನು ಹತ್ತಿಯಲ್ಲಿ ಒರೆಸಿ ಹೊರಗೆ ಬಂದಳು. ಮಾತಾಡಿಸಿದರೆ ಎಲ್ಲಿ ಸೀಟಿ ನಿಂತೀತೋ ಎಂದು, ಹಿಂದಿನಿಂದ ಹೋಗಿ ಮೆಲ್ಲಗೆ ಅವನ ಜೇಬಿಗೆ ಇಳಿಸಿದಳು.