ಹಿಂದಿರುಗಿದ ಎಳೆ

“ಎಳೆಗಳು ಮೆದುಳು ಮುಟ್ಟಿದ್ವಾ, ಅಕ್ಕಾ?” ಎಂದು ಯೋರಿಸ್ ಮತ್ತೆ ಕೇಳಿದರೂ ಹಿಲ್ಡೆ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಗಾಯಗೊಂಡ ಇಲಿಯ ದೃಷ್ಟಿನರದಲ್ಲಿ ಎಳೆಗಳು ಮತ್ತೆ ಬೆಳೆದಿವೆ ಎಂದು ಬೆಳಿಗ್ಗೆ ಫೋನಿನಲ್ಲಿ ಕೂಗಿ ಹೇಳಿದವಳು ಅವಳೇ. ಕೇಳಿದ್ದೇ ತಡ, ಅವಳ ತಮ್ಮ ಯೋರಿಸ್ ಟ್ಯಾಕ್ಸಿ ಹಿಡಿದು ಲೂವೆನ್ ನಗರದ ಈ ಪ್ರಯೋಗಾಲಯಕ್ಕೆ ಬಂದುಬಿಟ್ಟಿದ್ದ. ಸೈಕಲ್ ಪಂದ್ಯದಲ್ಲಿ ಬಿದ್ದು ಎರಡೂ ದೃಷ್ಟಿನರಗಳು ಜಖಂಗೊಂಡು ಕಣ್ಣು ಹೋದ ಮೇಲೆ ಅವನು ಒಬ್ಬನೇ ಮನೆಯಿಂದ ಹೊರಗೆ ಬಂದದ್ದು ಇದೇ ಮೊದಲು.

“ಇಲಿಗೆ ಕಣ್ಣು ಬಂದಿದ್ರೆ ಹೇಳಿಬಿಡೇ. ನಾನೇನೂ ಹೊಟ್ಟೆಕಿಚ್ಚು ಪಡಲ್ಲ,” ಎಂದು ನಕ್ಕ.

“ಎಳೆಗಳು ಗಾಯ ದಾಟಿವೆ ಕಣೋ,” ಹಿಲ್ಡೆ ತಡವರಿಸಿದಳು. “ಆದ್ರೆ ಆಮೇಲೆ ದಾರಿ ತಪ್ಪಿವೆ.”

“ತಪ್ಪಿವೆ ಅಂದ್ರೆ? ನಂಗೆ ಅರ್ಥ ಆಗೋ ಹಾಗೆ ತೋರಿಸು.”

ಅವಳು ಅವನ ಕೈ ಎಳೆದುಕೊಂಡು ಮಣಿಕಟ್ಟಿನ ಮೇಲೆ ಬೆರಳಿಟ್ಟಳು. “ಇದು ಕಣ್ಣು. ಅಂಗೈ ನಡುವೆ ಗಾಯ. ಮೆದುಳು ನಿನ್ನ ಬೆರಳ ತುದೀಲಿದೆ ಅಂದ್ಕೋ.” ಅವಳ ಬೆರಳು ಅಂಗೈಯ ನಡುವನ್ನು ದಾಟಿ ಸ್ವಲ್ಪ ಮುಂದೆ ಹೋಯಿತು. ಅಲ್ಲಿ ಬಾಗಿ ಮಣಿಕಟ್ಟಿಗೇ ವಾಪಸಾಯಿತು.

ಯೋರಿಸ್‌ನ ಮುಖದ ನಗು ಆರಿತು. “ಅದಕ್ಕೆ ಗೊತ್ತಾಗಲ್ವಾ, ವಾಪಸ್ ಬರ್ತಿದೀನಿ ಅಂತ?”

“ಇಲ್ಲ ಕಣೋ. ತನ್ನ ಪಾಡಿಗೆ ಬೆಳೀತಾನೇ ಇರತ್ತೆ.”

ಅವನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. “ಇನ್ನೊಂದ್ಸಲ ಎಳಿ, ನಿಧಾನಕ್ಕೆ,” ಎಂದ.

ಹಿಲ್ಡೆ ಮತ್ತೆ ಎಳೆದಳು. ಗಾಯ ದಾಟಿದ ಮೇಲೆ, ಈ ಒಂದು ಸಲ ನೇರವಾಗಿ ತುದಿಯವರೆಗೂ ಹೋಗಿಬಿಡಲೇ ಎಂದು ಅವಳ ಬೆರಳು ಅಲ್ಲೇ ನಿಂತಿತು. ನಂತರ ತಿರುಗಿತು. ತಿರುಗಿದ್ದು ತಿಳಿಯುತ್ತಲೇ ಯೋರಿಸ್ ಮುಷ್ಟಿ ಬಿಗಿದು, ಆ ಬೆರಳನ್ನು ವಾಪಸ್ ಹೋಗಗೊಡದೆ ಹಿಡಿದುಕೊಂಡ.