ಹರಿಗೋಲಿನ ಹೊದಿಕೆ

ರಸ್ತೆಗೆ ಟಾರು ಹಾಕುವ ವಾಸನೆ ಬಂದರೆ ಈಗಲೂ ಹರಿಗೋಲಿನ ಕತ್ತಲೆಯೊಳಗೆ ಕೂತಂತಾಗುತ್ತದೆ.

ಮಳವಳ್ಳಿ ಕಡೆಯ ಹೊಳೆದಂಡೆಯಲ್ಲಿ ತಾತನ ಹರಿಗೋಲಿಗೆ ಚಿಕ್ಕಪ್ಪ ಹೊಸ ಟಾರ್ಪಾಲು ಹೊದಿಸಿ, ಟಾರು ಬಳಿದಿದ್ದ. ಅದನ್ನು ಮಾರಿಬಿಡು ಎಂದು ತಾತನನ್ನು ದಿನಾ ಕಾಡುತ್ತಿದ್ದವನೂ ಅವನೇ. ಯಾರನ್ನೂ ನಂಬದ ತಾತ, ಮಟಮಟ ಮಧ್ಯಾಹ್ನ ಹರಿಗೋಲನ್ನು ನನ್ನ ಮೇಲೆ ಬೋರಲು ಹಾಕಿದ.

"ಎಲ್ಲಾದ್ರೂ ಬೆಳಕು ಕಂಡ್ರೆ ಯೋಳವ್ವ."

ಬಿದಿರಿನ ಹೆಣಿಗೆಯ ಸಂದಿಯಲ್ಲಿ ಬೆಳಕು ಕಂಡಿತು, ಬ್ಲೇಡಿನಲ್ಲಿ ಗೀರಿದಷ್ಟು ನೆಟ್ಟಗೆ. ತಾತ ತಲೆ ಒಳಗೆ ತೂರಿಸಿದಾಗ ತೋರಿಸಿದೆ. ಅವನು ಟಾರ್ಪಾಲಿನ ಆ ಸೀಳಿನ ಮೇಲೆ ಬೆರಳಾಡಿಸಿ ಎದ್ದ.

"ಒಂದು ತೂತೂ ಇಲ್ವಂತೆ ಕಣ್ಲಾ," ಎಂದ ಚಿಕ್ಕಪ್ಪನಿಗೆ. "ಆಚೆ ದಡ ಮುಟ್ಟಿಸ್ಕಂಡು ಬಾ."

"ನಂಗ್ಯಾಕೋ ತಲೆನೋವು ಕಣಪ್ಪ," ಎಂದ ಚಿಕ್ಕಪ್ಪ, ಹೊಳೆಯ ಕಡೆ ನೋಡದೆ.

 ತಾತ ಟಾರಿನ ಡಬ್ಬ ಎತ್ತಿ, ಅವನಿಗಲ್ಲ, ನನ್ನ ಕೈಗೆ ಕೊಟ್ಟ.